ಹಕ್ಕಿ ಮೋಟಾರಿನ ಕರಿ ಮುಚ್ಚಳ

ನಮ್ಮ ಅಣ್ಣ ಕೊಪ್ಪಳದಲ್ಲಿ ಒಬ್ಬ ಅರಳೆ ಸಾವಕಾರರ ಮೋಟಾರು ನಡೆಸುತ್ತಿದ್ದ. ನನ್ನ ಗಂಡ ಯಲಬುರ್ಗಾದಲ್ಲಿ ದೇಸಾಯರ ಮೋಟಾರು ನಡೆಸುತ್ತಿದ್ದರು. ಎರಡೂ ಒಂದೇ ಕಂಪನಿಯವು. ಆ ಕಂಪನಿಯ ಹೆಸರು ನನ್ನ ನಾಲಗೆಗೆ ಎಂದೂ ಸರಿಯಾಗಿ ಹೊರಳಲಿಲ್ಲ. ಮುಂದುಗಡೆ ನೀರು ಹಾಕುವ ಬಿರಡೆಯ ಮೇಲೆ ರೆಕ್ಕೆ ಬಿಚ್ಚಿದ ಹಿತ್ತಾಳೆಯ ಹಕ್ಕಿ ಇತ್ತು. ಅದಕ್ಕೇ ಜನ ಹಕ್ಕಿ ಮೋಟಾರು ಎನ್ನುತ್ತಿದ್ದರು.

ನಾನು ಮಠದ ಗಾವಟಿ ಸಾಲಿಯಲ್ಲಿ ಅಕ್ಷರ ತಿದ್ದಿದವಳು, ಅಷ್ಟೇ. ಬರೆಯುವಾಗ ತಪ್ಪಾದೀತು. ಆದರೆ ಇದನ್ನು ಅಣ್ಣನಿಗೆ ಹೇಳಲಾಗಲಿಲ್ಲ, ಬರೆದಾದರೂ ಇಡುತ್ತೇನೆ.

ನನ್ನ ಮದುವೆ ಕೂಡಿಬಂದದ್ದೇ ಆ ಮೋಟಾರಿನಿಂದ. ಅಣ್ಣ ಮತ್ತು ನನ್ನ ಗಂಡ ಇಬ್ಬರೂ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಒಂದೇ ಸಾಮಾನು ಹುಡುಕುತ್ತ ಸಿಕ್ಕವರು. ಅಂಗಡಿಯವನು ಇಬ್ಬರನ್ನೂ ನೋಡಿ ನಕ್ಕನಂತೆ. “ಆ ಕಂಪನಿ ಬಾಗಿಲಾ ಹಾಕಿ ಭಾಳ ದಿನಾ ಆತು. ನೀವಿನ್ನೂ ಅದರ ಸೂತಕ ಹಿಡಕೊಂಡು ತಿರಗಾಕ ಹತ್ತೀರೇನು?” ಬರಿಗೈಯಲ್ಲಿ ಒಂದೇ ರೈಲಿಗೆ ಬಂದರು. ಬರುವಷ್ಟರಲ್ಲಿ ನನ್ನ ಸಂಬಂಧದ ಮಾತು ಮುಗಿದಿತ್ತು.

ಕಂಪನಿ ಸತ್ತಿದೆ ಎಂಬುದನ್ನು ಅಣ್ಣ ಒಪ್ಪಲೇ ಇಲ್ಲ. ಒಂದು ವರ್ಷ ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆದುಕೊಂಡು ಬಂದಾಗ ಕೊಪ್ಪಳದಲ್ಲಿ, ಊರೂರಿಗೆ ಜನರನ್ನು ಒಯ್ಯುವ ಸರ್ವಿಸ್ ಮೋಟಾರು ನಿಲ್ಲುವ ಬೇವಿನ ಗಿಡದ ಕೆಳಗೆ ಡ್ರೈವರುಗಳು ಕೂತಿದ್ದರು. ಮುಚ್ಚಿಹೋದ ಕಂಪನಿಗಳ ಮಾತು ನಡೆದಿತ್ತು, ತೀರಿಹೋದ ಬಂಧುಗಳ ಮಾತಾಡುವ ಹಾಗೆ.

ಒಬ್ಬ ಹೇಳಿದ: “ದೇವ್ರು ಬಂದು ಒಂದ ಕಂಪನಿ ತಿರುಗಿ ತಗಿಸಿಕೊಡತೀನಿ ಅಂದ್ರ ನಾ ನಮ್ಮ ಕಟ್ಟಿಗಿ ಗಾಲಿ ಮೋಟಾರಿಂದು ಕೇಳತೀನಿ. ಒಂದ ಗಾಲಿ ಕಳಚಿದ್ರೂ ಮನಿಗೆ ಬರತಿತ್ತು.”

“ಬರತಿತ್ತು, ಖರೆ,” ಅಂದ ಇನ್ನೊಬ್ಬ. “ಹಿಂದ ನಾಕ ಮಂದಿ ನೂಕತಿದ್ರು.”

ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. “ನಗ್ರಿ, ನಗ್ರಿ. ಯುದ್ಧ ಮುಗೀಲಿ, ನಮ್ಮ ಹಕ್ಕಿ ಕಂಪನಿ ಮತ್ತ ತಗೀತಾರ. ಅಂಥಾ ಎಂಜಿನ್ ಮಾಡಿದವರು ಸುಮ್ಮ ಕೂಡಂಗಿಲ್ಲ.”

ಅವನಿಗೆ ಆಗ ಮದುವೆಯ ವಯಸ್ಸು ದಾಟುತ್ತ ಬಂದಿತ್ತು. ಮನೆಯಲ್ಲಿ ಕೂತದ್ದಕ್ಕಿಂತ ಆ ಮೋಟಾರಿನ ಕೆಳಗೆ ಮಲಗಿದ್ದೇ ಹೆಚ್ಚು.

ಎಂಜಿನ್ನಿನ ಮೇಲೆ ಕಿಡಿಯನ್ನು ಹಂಚುವ ಒಂದು ಕರಿ ಮುಚ್ಚಳ ಇರುತ್ತದೆ. ಮುಷ್ಟಿಯಲ್ಲಿ ಹಿಡಿಯುವಷ್ಟು ಇರುವ ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಮೋಟಾರು ಅಲುಗುವುದಿಲ್ಲ. ಒಂದು ಮಳೆಗಾಲ ನನ್ನ ಗಂಡನ ಮೋಟಾರಿನ ಮುಚ್ಚಳ ಸೀಳಿತು. ಬೇರೆ ಕಂಪನಿಯದು ಕೂಡುವುದಿಲ್ಲ, ಹೊಸದು ಬರುವುದಿಲ್ಲ. ಅಣ್ಣ ತನ್ನದನ್ನು ಬಿಚ್ಚಿಕೊಟ್ಟ. “ಒಂಟೆತ್ತಿನ ಒಕ್ಕಲಿಗರು ಏನ ಮಾಡತಾರ? ಇವನ ಎತ್ತು, ಅವನ ಎತ್ತು ಕೂಡಿಸಿ ಇವತ್ತ ಇವನ ಹೊಲ, ನಾಳಿ ಅವನ ಹೊಲ. ಹಂಗ ನಮ್ಮದೂ ಹೊಂಟೀತು,” ಅಂದ. ಯುದ್ಧದ ದಿನಗಳು, ಪೆಟ್ರೋಲು ಚೀಟಿಗೆ ಅಳೆದು ಸಿಗುತ್ತಿತ್ತು. ಎರಡು ಮೋಟಾರೂ ಅಪರೂಪಕ್ಕೆ ಹೊರಡುತ್ತಿದ್ದವು. ಇಲ್ಲಿ ಕೆಲಸ ಮುಗಿದರೆ ಮುಚ್ಚಳ ಸರ್ವಿಸ್ ಮೋಟಾರಿನ ಕಂಡಕ್ಟರನ ಕೈಯಲ್ಲಿ ಕೊಪ್ಪಳಕ್ಕೆ, ಅಲ್ಲಿ ಮುಗಿದರೆ ಇಲ್ಲಿಗೆ. ನಡುವೆ ನನ್ನ ಅಡುಗೆಮನೆಯ ಅಡಕಲು ಗಡಿಗೆಯಲ್ಲಿ, ಹತ್ತಿಯ ಒಳಗೆ ಇರುತ್ತಿತ್ತು. ತೇವ ತಾಗಬಾರದು ಎಂದು ಅಣ್ಣನ ಕಟ್ಟಪ್ಪಣೆ.

ಸಾವಕಾರರಿಗೆ ಈ ಹೂಟ ಹಿಡಿಸಿರಲಿಲ್ಲ. ಮೋಟಾರು ಹೊರಡದೆ ಒಂದೆರಡು ಸಲ ಅವರು ಬಂಡಿ ಹೂಡಿಸಬೇಕಾಯಿತು. “ಇನ್ನೊಮ್ಮೆ ಹಿಂಗಾತಂದ್ರ ಹಳೇ ಕಬ್ಬಿಣದವರಿಗೆ ತೂಗಿ ಕೊಡತೀನಿ” ಎಂದು ಗದರಿದ್ದರಂತೆ. ಇದನ್ನು ನಮ್ಮ ಮನೆಯಲ್ಲಿ ಉಣ್ಣುತ್ತ ಅಣ್ಣನೇ ಹೇಳಿದ್ದ. ಹೇಳಿದವನು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದ. ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಅದು ಎರಡನೆಯ ಸುಳ್ಳಾಗುತ್ತದೆ.

ಆ ವರ್ಷ ಶ್ರಾವಣ ಹಿಡಿದರೂ ಅಣ್ಣ ಕರೆಯಲು ಬರಲಿಲ್ಲ. ನಮ್ಮ ಓಣಿಯ ಸೊಸೆಯರೆಲ್ಲ ಒಬ್ಬೊಬ್ಬರಾಗಿ ಅಣ್ಣತಮ್ಮಂದಿರ ಜೊತೆ ತವರಿಗೆ ಹೊರಟುಹೋದರು. ನೆರೆಮನೆಯ ಅತ್ತೆ ಕಟ್ಟೆಯ ಮೇಲೆ ಕೂತು, “ಎಲ್ಲಾರ ಅಣ್ಣಗೋಳು ನಡಕೋತ ಬಂದ್ರು. ನಿಮ್ಮಣ್ಣಗ ಮೋಟಾರ ಐತಿ, ಪಾಪ, ದಾರಿ ಕಾಣವಲ್ದು,” ಅಂದಳು. ನಾನು ಒಳಗೆ ಬಂದು ಶೇಂಗಾ ಹುರಿಯುತ್ತ ಕಣ್ಣೀರು ಹಾಕಿದೆ.

ಮರುದಿನವೇ ಕಂಡಕ್ಟರ ಬಾಗಿಲಿಗೆ ಬಂದ. ತಲೆ ನರೆತ, ಮಾತು ಕಮ್ಮಿಯಾದ ಮನುಷ್ಯ.

“ತಂಗೀ, ನಿಮ್ಮಣ್ಣ ಆ ಕರಿ ಮುಚ್ಚಳ ಇಸಗೊಂಡ ಬಾ ಅಂದಾನ. ನಾಡದ ಮುಂಜಾನಿ ಸಾವಕಾರ್ರ ಮನಿಯವರು ಗಂಗಾವತಿಗೆ ಹೆಣ್ಣ ನೋಡಾಕ ಹೊಂಟಾರಂತ.”

“ಅಣ್ಣ ಬರಂಗಿಲ್ಲಂತೇನು?”

“ಅದನ್ನೇನ ಹೇಳಲಿಲ್ಲವಾ.”

ಗಡಿಗೆ ನನ್ನ ಬೆನ್ನ ಹಿಂದೆಯೇ ಇತ್ತು. ಮುಚ್ಚಳ ಬಂದವರ ಕೈಯಲ್ಲಿ ಕೊಡು ಎಂದು ನನ್ನ ಗಂಡ ಹೇಳಿಯೇ ದೇಸಾಯರ ಮನೆಗೆ ಹೋಗಿದ್ದರು. ಕೊಟ್ಟರೆ ಅಣ್ಣ ಗಂಗಾವತಿಗೆ ಹೋಗುತ್ತಾನೆ, ಹಬ್ಬ ಮುಗಿಯುತ್ತದೆ. ಕೊಡದಿದ್ದರೆ ತಾನೇ ಬರಬೇಕಾಗುತ್ತದೆ, ಬಂದವನು ನನ್ನನ್ನು ಬಿಟ್ಟು ಹೋಗಲಾರ. ನನ್ನ ಲೆಕ್ಕ ಇಷ್ಟೇ ಇತ್ತು.

“ಮುಚ್ಚಳ ಮೋಟಾರಿನಾಗ ಐತ್ರಿ,” ಅಂದೆ. “ಮೋಟಾರ ಕುಷ್ಟಗಿಗೆ ಹೋಗೈತಿ. ಎಂದ ಬರತೈತೋ ಗೊತ್ತಿಲ್ಲ. ಬೇಕಂದ್ರ ಅಣ್ಣಾನ ಬರಲಿ ಅಂತ ಹೇಳ್ರಿ.”

ಕುಷ್ಟಗಿ ಎಂದು ಯಾಕೆ ಅಂದೆನೋ. ಹಿಂದಿನ ವಾರ ನನ್ನ ಗಂಡ ಅಲ್ಲಿಗೆ ಹೋಗಿಬಂದಿದ್ದರು, ಬಾಯಿಗೆ ಬಂತು.

ಮಾರನೆಯ ದಿನದ ಸರ್ವಿಸ್ ಮೋಟಾರಿಗೆ ಅಣ್ಣ ಬರುತ್ತಾನೆಂದು ಹಬ್ಬದ ಶೇಂಗಾ ಉಂಡಿ ಕಟ್ಟಿಟ್ಟು ಹೊಸ ಸೀರೆ ಉಟ್ಟು ಕಾದೆ. ಬರಲಿಲ್ಲ. ಸಂಜೆ, ದನ ಮನೆಗೆ ಬರುವ ಹೊತ್ತಿಗೆ, ಯಾರದೋ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಒಬ್ಬ ಓಣಿಯೊಳಗೆ ಬಂದ. ಮೊಣಕಾಲ ತನಕ ಎರೆಮಣ್ಣು ಮೆತ್ತಿತ್ತು. ಹತ್ತಿರ ಬಂದ ಮೇಲೆಯೇ ಅಣ್ಣನೆಂದು ಗುರುತು ಹತ್ತಿದ್ದು.

ನನಗೆ ಸಂತೋಷವೇ ಆಯಿತು, ಅದನ್ನೂ ಬರೆಯಬೇಕು. “ಕರಿಯಾಕ ಬಂದ್ಯಾ?” ಎಂದೆ.

“ನಿಮ್ಮ ಮನಿಯವರು ಎಲ್ಲೆ ಅದಾರ, ತಂಗೆವ್ವ? ಕುಷ್ಟಗಿ ಎಲ್ಲಾ ಹುಡುಕಿದೆ. ಕಚೇರಿ ಮುಂದ, ಸಂತಿ ಬಯಲಾಗ, ಯಾರ ಮನಿ ಅಂಗಳದಾಗೂ ಮೋಟಾರ ಇಲ್ಲ.”

ಬೇಕಾದರೆ ತಾನೇ ಬರಲಿ ಎಂದದ್ದನ್ನು ಅವನು ಕುಷ್ಟಗಿಗೆ ಹೋಗು ಎಂದೇ ತಿಳಿದಿದ್ದ. ಮುಚ್ಚಳ ಇರುವಲ್ಲಿಗೆ ತಾನೇ ಹೋಗುವುದು? ಅಷ್ಟರಲ್ಲಿ ನನ್ನ ಗಂಡ ಬಂದರು. “ಕುಷ್ಟಗಿಗ್ಯಾಕ ಹೋಗಿದ್ರಿ? ಮೋಟಾರ ಈ ವಾರ ಶೆಡ್ಡು ಬಿಟ್ಟಿಲ್ಲಲ್ಲರಿ. ಮುಚ್ಚಳ ಮನ್ಯಾಗ ಐತಿ,” ಅಂದರು.

ಅಣ್ಣ ನನ್ನ ಕಡೆ ನೋಡಿದ. ಉಟ್ಟ ಹೊಸ ಸೀರೆಯನ್ನು ನೋಡಿದ, ಬಾಗಿಲ ಬಳಿ ಗಂಟು ಕಟ್ಟಿಟ್ಟ ಉಂಡಿಯನ್ನು ನೋಡಿದ. ಆಮೇಲೆ ನನ್ನ ಗಂಡನ ಕಡೆ ತಿರುಗಿ, “ಕಂಡಕ್ಟರಗ ವಯಸ್ಸಾತ್ರಿ. ಏನೋ ಹೇಳಬೇಕಂದು ಏನೋ ಹೇಳ್ಯಾನ,” ಅಂದ.

ತಪ್ಪನ್ನು ಕಂಡಕ್ಟರನ ತಲೆಗೇ ಬಿಟ್ಟು ನಾನು ಗಡಿಗೆ ಇಳಿಸಲು ಒಳಗೆ ಹೋದೆ. ಆ ಕಂಡಕ್ಟರ ಮುಂದೆ ಎಷ್ಟೋ ವರ್ಷ ನಮ್ಮ ಬಾಗಿಲಿಗೆ ಬಂದು ನೀರು ಕುಡಿದ. ಅವನ ಮುಖ ನೋಡಲು ನನಗಾಗುತ್ತಿರಲಿಲ್ಲ.

ಸೈಕಲ್ಲಿನ ಗಾಲಿ ಸೊಟ್ಟಗಾಗಿತ್ತು, ದೇಸಾಯರ ಮೋಟಾರಿನಲ್ಲಿ ಪೆಟ್ರೋಲು ಇರಲಿಲ್ಲ. ಮರುದಿನ ಮುಂಜಾನೆಯ ಸರ್ವಿಸ್ ಮೋಟಾರಿನಲ್ಲೇ ಅಣ್ಣ ಕೊಪ್ಪಳಕ್ಕೆ ಹೊರಟ, ನನ್ನನ್ನು ಕರೆದುಕೊಂಡು. ದಾರಿಯುದ್ದಕ್ಕೂ ಮುಚ್ಚಳ ನನ್ನ ಮಡಿಲಲ್ಲಿತ್ತು. ನಾವು ಮುಟ್ಟುವ ಹೊತ್ತಿಗೆ ಸಾವಕಾರರ ಮನೆಯವರು ಬಂಡಿ ಹೂಡಿಕೊಂಡು ಹೋಗಿದ್ದರು. ಅಣ್ಣ ಶೆಡ್ಡಿಗೆ ಹೋಗಿ ಮುಚ್ಚಳ ಕೂಡಿಸಿದ. ಹ್ಯಾಂಡಲು ತಿರುವಿದ ಕೂಡಲೇ ಎಂಜಿನ್ ಶುರುವಾಯಿತು. ಯಾರೂ ಇಲ್ಲದ ಅಂಗಳದಲ್ಲಿ ಅದು ಛಲೋ ಓಡುತ್ತಿತ್ತು.

ಸಾವಕಾರರು ತಿರುಗಿ ಬಂದವರು ಹೇಳಿದ್ದು ಒಂದೇ ಮಾತು: “ಮೋಟಾರ ಕೆಟ್ಟಿದ್ರ ಕೆಟ್ಟೈತಿ ಅನ್ನತಿದ್ದೆ. ಡ್ರೈವರಾನ ಊರಾಗ ಇಲ್ಲಂದ್ರ ನನಗ ಮೋಟಾರ ಯಾಕ ಬೇಕು?”

ಪಂಚಮಿ ಮುಗಿದು ನಾನಿನ್ನೂ ತವರಿನಲ್ಲಿದ್ದೆ. ಹಳೇ ಕಬ್ಬಿಣದವರು ಎರಡು ಎತ್ತು ಕಟ್ಟಿ ಹಕ್ಕಿ ಮೋಟಾರನ್ನು ನಮ್ಮ ಮನೆಯ ಮುಂದಿನಿಂದಲೇ ಸ್ಟೇಷನ್ನಿನ ಕಡೆ ಎಳೆದುಕೊಂಡು ಹೋದರು. ಎತ್ತು ಎಳೆಯುವ ಮೋಟಾರಿಗೂ ಒಬ್ಬ ಚಕ್ರ ಹಿಡಿಯುವವನು ಬೇಕು. ಅಣ್ಣನೇ ಕೂತಿದ್ದ. ಜೋಕಾಲಿ ಆಡುತ್ತಿದ್ದ ಹುಡುಗಿಯರು ಎತ್ತಿನ ಮೋಟಾರು ಎಂದು ನಕ್ಕರು. ಅವನು ದಾರಿಯನ್ನೇ ನೋಡುತ್ತಿದ್ದ.

ಮನೆಗೆ ಬಂದವನು ಅಂಗಿಯ ಕಿಸೆಯಿಂದ ಮುಚ್ಚಳ ತೆಗೆದು ನನ್ನ ಕೈಯಲ್ಲಿಟ್ಟ. “ನಿಮ್ಮ ಮನಿಯವರಿಗೆ ಕೊಡು. ಒಂದ ಎತ್ತಾದ್ರೂ ಉಳೀಲಿ.”

ಯುದ್ಧ ಮುಗಿಯಿತು. ಬೇರೆ ಬೇರೆ ಕಂಪನಿಯ ಮೋಟಾರು ಬಂದವು, ದೇಸಾಯರೂ ಹೊಸದು ತಂದರು, ಮುಚ್ಚಳ ನನ್ನ ಗಡಿಗೆಯಲ್ಲೇ ಉಳಿಯಿತು. ಹಕ್ಕಿ ಕಂಪನಿ ತೆರೆಯಲಿಲ್ಲ. ಅಣ್ಣನನ್ನು ಮತ್ತೆ ಯಾರೂ ಡ್ರೈವರನನ್ನಾಗಿ ಇಟ್ಟುಕೊಳ್ಳಲಿಲ್ಲ. ಹತ್ತಿ ಕಾರಖಾನೆಯಲ್ಲಿ ಅರಳೆ ತುಂಬಿದ ಅಂಡಿಗೆ ಹೊರುವ ಕೆಲಸಕ್ಕೆ ಸೇರಿದ. ಮದುವೆಯ ಮಾತು ಬಂದಾಗಲೆಲ್ಲ ಕೈಯಾಡಿಸಿಬಿಡುತ್ತಿದ್ದ.

ಅಂದಿನಿಂದ ಅವನು ಒಂದು ಪಂಚಮಿಯನ್ನೂ ತಪ್ಪಿಸಲಿಲ್ಲ. ಗಲಾಟೆಯ ವರ್ಷ, ಲೂಟಿಗೆ ಹೆದರಿ ಊರೂರಿನ ಜನ ಸಂಸ್ಥಾನದ ಗಡಿ ದಾಟಿ ಓಡಿದಾಗಲೂ ಹೊಲದ ದಾರಿ ಹಿಡಿದು ನಡೆದೇ ಬಂದ. ನೆರೆಮನೆಯ ಅತ್ತೆ, “ಏನಪಾ, ಈಗ ಬರೋಬ್ಬರಿ ವ್ಯಾಳ್ಯಾಕ್ಕ ಬರತೀ,” ಎಂದರೆ, “ಈಗ ನನಗೇನ ಕೆಲಸ ಐತ್ರಿ, ಬರತೀನಿ,” ಎನ್ನುತ್ತಿದ್ದ. ಕೈಕಾಲು ತೊಳೆದು ಒಳಗೆ ಬಂದ ಮೇಲೆ ಪ್ರತಿ ವರ್ಷವೂ ಅದೇ ಪ್ರಶ್ನೆ:

“ಮುಚ್ಚಳ ಐತಿಲ್ಲೋ, ತಂಗೆವ್ವ? ತೇವ ತಾಗಿಸಬ್ಯಾಡ. ನಾಳಿ ಕಂಪನಿ ತಗದ್ರ ತೋರಸಾಕ ಬೇಕಾಗತೈತಿ.”

“ಐತಿ, ಅಣ್ಣಾ,” ಎನ್ನುತ್ತಿದ್ದೆ. ಗಡಿಗೆ ಇಳಿಸಿ, ಹತ್ತಿ ಬಿಡಿಸಿ ತೋರಿಸುತ್ತಿದ್ದೆ. ಇನ್ನೊಂದು ಮಾತು ನಾಲಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಅವನು ಮುಚ್ಚಳವನ್ನು ಬೆಳಕಿಗೆ ಹಿಡಿದು, ಬಿರುಕು ಇಲ್ಲವೆಂದು ನೋಡಿ, ನನ್ನ ಕೈಗೇ ತಿರುಗಿ ಕೊಡುತ್ತಿದ್ದ.