ಎದುರಾಗದ ಪ್ರದಕ್ಷಿಣೆ

ಹಿರೇಮಗಳೂರಿನ ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಎಡಕ್ಕೆ ನಿಂತಿದ್ದಾಳೆ ಎಂದು ಮೊನ್ನೆ ಮೊನ್ನೆಯವರೆಗೂ ಆಣೆ ಮಾಡಿ ಹೇಳುತ್ತಿದ್ದೆ. ಅವಳು ನಿಂತಿರುವುದು ಬಲಕ್ಕೆ. ನನ್ನ ನೆನಪಿನಲ್ಲಿದ್ದದ್ದು ಗುಡಿಯ ಸೀತೆಯಲ್ಲ, ತಾತನ ಕಾಫಿಪುಡಿ ಅಂಗಡಿಯ ಕ್ಯಾಲೆಂಡರಿನ ಸೀತೆ. ಆದ್ದರಿಂದ ಈಗ ಹೇಳಹೊರಟಿರುವುದರಲ್ಲಿ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ನನ್ನನ್ನು ಕೇಳಬೇಡಿ.

ಅರಸನೊಬ್ಬ ಹಿರಿಮಗಳಿಗೊಂದು, ಕಿರಿಮಗಳಿಗೊಂದು ಊರನ್ನು ಬಳುವಳಿ ಕೊಟ್ಟನಂತೆ. ಕಿರಿಯವಳ ಚಿಕ್ಕಮಗಳೂರು ಬೆಳೆದು ಜಿಲ್ಲೆಗೇ ದೊಡ್ಡ ಊರಾಯಿತು. ಹಿರಿಯವಳ ಹಿರೇಮಗಳೂರು ಅದರ ಮಗ್ಗುಲಲ್ಲೇ ಹೊಯ್ಸಳರ ಕಾಲದ ಗುಡಿಯನ್ನು ಇಟ್ಟುಕೊಂಡು ಕೂತಿತು. ನಮ್ಮ ಮನೆಯಲ್ಲೂ ಹಾಗೇ. ಕಿರಿಯವಳಾದ ಅಮ್ಮನಿಗೆ ಮದುವೆಯಾಗಿ, ನಾನು ಹುಟ್ಟಿ ಓಡಾಡುವಂತಾದರೂ ದೊಡ್ಡಮ್ಮನಿಗೆ ಗಂಡು ಗೊತ್ತಾಗಿರಲಿಲ್ಲ. ಅವಳು ತಾತನ ಅಂಗಡಿಯ ಹಿಂಬದಿಯಲ್ಲಿ ಕಾಫಿಬೀಜ ಹುರಿಯುತ್ತಿದ್ದಳು. ಹುರಿಯುವ ಬೀಜ ಚಟಪಟ ಅನ್ನುವಾಗ ಅವಳನ್ನು ಮಾತಾಡಿಸಿದರೆ ಬೈಗುಳ ಖಂಡಿತ.

ಆಗ ನಮ್ಮಂಥ ಅಂಗಡಿಯವರು ಹೆಣ್ಣು ತೋರಿಸುತ್ತಿದ್ದದ್ದು ಗುಡಿಯಲ್ಲಿ. ಮನೆಗೆ ಬಂದು ಉಪ್ಪಿಟ್ಟು ತಿಂದು ಹೋದ ಮೇಲೆ ಬೇಡವೆಂದರೆ ಬೀದಿಗೆಲ್ಲ ಸುದ್ದಿ. ಗುಡಿಯಲ್ಲಾದರೆ ಎರಡು ಕಡೆಯವರೂ ದೇವರನ್ನು ನೋಡಲು ಬಂದವರು, ಅಕಸ್ಮಾತ್ತಾಗಿ ಎದುರಾದವರು. ಹುಡುಗ ಮಲ್ಲಂದೂರು ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ಕೋದಂಡರಾಮನ ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಾಗ ಎದುರಾಗುವುದೆಂದು ಹಿರಿಯರು ಮಾತಾಡಿಕೊಂಡಿದ್ದರು.

ಪ್ರದಕ್ಷಿಣೆಯಲ್ಲಿ ಯಾರೂ ಎದುರಾಗುವುದಿಲ್ಲ ಎಂಬುದು ಯಾವ ಹಿರಿಯರಿಗೂ ಹೊಳೆದಿರಲಿಲ್ಲ. ಎಲ್ಲರೂ ದೇವರನ್ನು ಬಲಕ್ಕೆ ಇಟ್ಟುಕೊಂಡೇ ಸುತ್ತುವವರು. ನಾವು ಹಿಂದಿನ ಗೋಡೆಯ ಬಳಿ ಇದ್ದಾಗ ಅವರು ಮುಂಬಾಗಿಲಲ್ಲಿ. ನಾವು ಮುಂಬಾಗಿಲಿಗೆ ಬಂದರೆ ಅವರು ಹಿಂದಕ್ಕೆ. ನಿಂತು ಕಾಯಲು ಗಂಡಿನವರಿಗೆ ಬಿಗುಮಾನ, ಓಡಿ ಹಿಡಿಯಲು ನಮಗೆ ನಾಚಿಕೆ. ಅಜ್ಜಿ ಏದುಸಿರು ಬಿಡುತ್ತ, "ಸ್ವಲ್ಪ ಬಿರ್ಬಿರ್ನೆ ಹೆಜ್ಜೆ ಹಾಕೇ, ಅವ್ರೇನು ಉತ್ಸವಮೂರ್ತಿನಾ, ನಮ್ಮ ಹಿಂದೆ ಬರಕ್ಕೆ?" ಎಂದು ದೊಡ್ಡಮ್ಮನನ್ನು ತಿವಿಯುತ್ತಿದ್ದಳು. ಕೊನೆಗೆ ಬಸ್ಸಿಗೆ ಹೊತ್ತಾಯಿತೆಂದು ಅವರು ಹೊರಟೇಹೋದರು. ಆಮೇಲೆ ಹೇಳಿಕಳಿಸಿದ್ದು ಇಷ್ಟೇ: ಗುಡಿಯಲ್ಲೇ ದೇವರು ತೋರಿಸಲಿಲ್ಲ, ಅವನ ಮನಸ್ಸಿನಲ್ಲಿಲ್ಲ ಅಂತ ಕಾಣುತ್ತೆ.

ಅಂದು ಮಧ್ಯಾಹ್ನವೇ ದೊಡ್ಡಮ್ಮ ಬೀಜ ಹುರಿಯಲು ಕೂತಳು. ತಾತ ಹೋದ ಮೇಲೂ ಅಂಗಡಿ ಅವಳದೇ. ಕೈತಪ್ಪಿದ ಆ ಗಂಡಿನ ಮಾತು ಬಂದಾಗಲೆಲ್ಲ ಅಮ್ಮ ಇವತ್ತಿಗೂ ನಿಟ್ಟುಸಿರು ಬಿಡುತ್ತಾಳೆ. ನಾವೆಲ್ಲ ದೊಡ್ಡಮ್ಮನಿಗೆ ಧಾರಾಳವಾಗಿ ಕನಿಕರ ತೋರಿಸುತ್ತಲೇ ಬಂದಿದ್ದೇವೆ.

ಆ ಕನಿಕರದ ಬಗ್ಗೆಯೇ ನನಗೆ ಅನುಮಾನ. ಅವತ್ತು ನನ್ನ ಕೈ ಹಿಡಿದು ನಡೆಸುತ್ತಿದ್ದವಳು ಅವಳು. ಗಂಡಿನವರ ಮಾತು ಮುಂದೆ ಹತ್ತಿರದಲ್ಲಿ ಕೇಳಿಸಿತೆಂದರೆ ಹೆಜ್ಜೆ ನಿಧಾನವಾಗುತ್ತಿತ್ತು. ಹಿಂದಿನಿಂದ ಕೇಳಿಸಿದರೆ ಚುರುಕಾಗುತ್ತಿತ್ತು. ಒಂದು ಸಲವಂತೂ ನನ್ನ ರಿಬ್ಬನ್ ಬಿಚ್ಚಿದೆಯೆಂದು ಮೂಲೆಯಲ್ಲಿ ಕೂತು ಸಾವಕಾಶವಾಗಿ ಕಟ್ಟಿದಳು. ಇದೇ ನನ್ನ ದೊಡ್ಡ ಸಾಕ್ಷಿ. ಆದರೆ ಆ ವರ್ಷ ನನ್ನ ಮುಡಿ ಕೊಟ್ಟು ತಲೆ ಬೋಳಾಗಿತ್ತು ಎನ್ನುತ್ತಾಳೆ ಅಮ್ಮ. ಬೋಳುತಲೆಗೆ ಕಟ್ಟಿದ ರಿಬ್ಬನ್ನನ್ನು ಯಾವ ಕೋರ್ಟು ಒಪ್ಪೀತು?

ಕಳೆದ ತಿಂಗಳು ದೊಡ್ಡಮ್ಮನನ್ನೇ ಅದೇ ಗುಡಿಗೆ ಕರೆದುಕೊಂಡು ಹೋದೆ. ಸೀತೆ ಬಲಕ್ಕೆ ಇರುವುದು ಕಂಡು ನಾನು ಪೆಚ್ಚಾದಾಗ ಕತೆ ಹೇಳಿದವಳು ಅವಳೇ. ಮದುವೆಯಲ್ಲಿ ನಿಂತಂತೆಯೇ ತನಗೆ ಕಾಣಿಸಬೇಕೆಂದು ಪರಶುರಾಮ ಕೇಳಿದನಂತೆ, ಅದಕ್ಕೇ ವಧುವಿನ ಜಾಗದಲ್ಲಿ ನಿಂತಿದ್ದಾಳಂತೆ. ಹೇಳಿ ಮುಗಿಸಿ ನನ್ನ ಕಿವಿಯ ಹತ್ತಿರ ಬಂದಳು. "ಪಾಪ, ಇವ್ಳಿಗೆ ಇನ್ನೂ ಧಾರೆ ಮಂಟಪ ಇಳಿಯಕ್ಕೇ ಬಿಟ್ಟಿಲ್ಲ ನೋಡು ಮಾರಾಯ್ತಿ."

ಆ ದನಿಯಲ್ಲಿದ್ದ ಕನಿಕರ, ನಾವು ಅವಳಿಗೆ ತೋರಿಸುತ್ತ ಬಂದದ್ದರ ಹಾಗೆಯೇ ಇತ್ತು. ಪ್ರದಕ್ಷಿಣೆಗೆ ಹೊರಟೆವು. ಅವಳು ಮುಂದೆ, ನಾನು ಹಿಂದೆ. ಹಿಂದಿನ ಗೋಡೆಯ ಬಳಿ ಬಂದಾಗ ಕೇಳಿಯೇಬಿಟ್ಟೆ.

"ದೊಡ್ಡಮ್ಮ, ಅವತ್ತು ನೀನು ಬೇಕೂಂತ್ಲೇ ಅವ್ರಿಗೆ ಸಿಗ್ಲಿಲ್ವಾ?"

ಮೊಣಕಾಲು ನೋವಿನ ದೊಡ್ಡಮ್ಮ ಸರಸರನೆ ಹೆಜ್ಜೆ ಹಾಕಿ ಮೂಲೆ ತಿರುಗಿದಳು. ಅವಳ ಮುಖ ನೋಡಬೇಕಿದ್ದರೆ ನಾನು ಎದುರು ದಿಕ್ಕಿನಿಂದ ಸುತ್ತಿ ಬರಬೇಕಿತ್ತು. ಇಷ್ಟು ಓದಿಕೊಂಡವಳಾದರೂ ಆ ಧೈರ್ಯ ನನಗೆ ಬರಲಿಲ್ಲ.