ಹಣ್ಣಡಿಕೆ ಸರಿಸಿ ದಾರಿ ಬಿಡಿಸುವ ಗುಲ್ಜಾರ್ ಬೇಗಂ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಮುತ್ತಿನಕೊಪ್ಪದ ರಸ್ತೆಯ ಮೇಲೆ ಮಂಜು ಎಷ್ಟು ದಟ್ಟವಾಗಿದೆಯೆಂದರೆ, ಲಾರಿಯ ದೀಪ ಕಾಣುವ ಮೊದಲು ಅದರ ಸದ್ದೇ ಕೇಳಿಸುತ್ತದೆ. ಲಾರಿ ದಾಟಿಹೋದ ಮೇಲೆ ಇನ್ನೊಂದು ಸದ್ದು ಉಳಿಯುತ್ತದೆ. ಗರ್, ಗರ್ ಎಂದು ಮರದ ಗೋರೆ ಸಿಮೆಂಟಿನ ಮೇಲೆ ಉಜ್ಜುವ ಸದ್ದು. ತಲೆಗೆ ಸೆರಗು ಹೊದ್ದು, ಅದರ ಮೇಲೊಂದು ಹಳೆಯ ಮಫ್ಲರ್ ಬಿಗಿದ ಗುಲ್ಜಾರ್ ಬೇಗಂ ಕಾಲುದಾರಿಯ ತುಂಬ ಹರವಿದ ಹಣ್ಣಡಿಕೆಯನ್ನು ಎರಡೂ ಬದಿಗೆ ಸರಿಸುತ್ತಿದ್ದಾರೆ. ರಾಶಿ ಮಾಡುವುದಿಲ್ಲ, ಎತ್ತಿ ಆಚೆ ಹಾಕುವುದೂ ಇಲ್ಲ. ನಡುವೆ ಒಬ್ಬರು ನಡೆದುಹೋಗುವಷ್ಟು ಜಾಗ, ಬೈತಲೆ ತೆಗೆದ ಹಾಗೆ ಬಿಡಿಸಿಕೊಂಡು ಹೋಗುತ್ತಾರೆ.

"ಅಡಿಕೆ ಅವ್ರ ಅನ್ನ. ಕಾಲಲ್ಲಿ ಒದೆಯಕ್ಕೆ ಆಗುತ್ತಾ? ಹಂಗಂತ ನಡೆಯೋರು ಗಾಳಿ ಮೇಲೆ ಹೋಗ್ಬೇಕಾ ಮಾರಾಯ್ರೆ?" ಎನ್ನುತ್ತಾರೆ, ಗೋರೆ ನಿಲ್ಲಿಸದೆ.

ಪಂಚಾಯಿತಿ ಅವರಿಗೆ ಕೊಟ್ಟಿರುವ ಕೆಲಸ ಈ ಕಾಲುದಾರಿಯನ್ನು ಗುಡಿಸುವುದು ಮಾತ್ರ. ಗೋರೆ ಅವರದೇ. ಅಡಿಕೆಯ ಜೊತೆಗಿನ ಜಗಳವೂ ಅವರದೇ. ಜಗಳ ಎನ್ನಲೂ ಬಾರದು, ಏಕೆಂದರೆ ಬೆಳಿಗ್ಗೆ ಬಿಡಿಸಿದ ಬೈತಲೆ ಮಧ್ಯಾಹ್ನದೊಳಗೆ ಮುಚ್ಚಿಹೋಗಿರುತ್ತದೆ. ಯಾರು ಮುಚ್ಚಿದರೆಂದು ಅವರು ಕೇಳುವುದಿಲ್ಲ, ಕೇಳಿದರೆ ಯಾರೂ ಹೇಳುವುದೂ ಇಲ್ಲ.

ಈ ದಾರಿ ಇಲ್ಲದ ಕಾಲದಲ್ಲಿ ಗುಲ್ಜಾರ್ ಬೇಗಂ ಮತ್ತು ಮೂಕಾಂಬಿಕಾ ಡಾಂಬರಿನ ಅಂಚಿನಲ್ಲೇ ನಡೆದು ಕೂಲಿಗೆ ಹೋಗುತ್ತಿದ್ದರು. ಅಡಿಕೆ ಸುಲಿಯುವ ಕಾಲಕ್ಕೆ ಸುಲಿಯಲು, ಇಲ್ಲದಿದ್ದರೆ ಗದ್ದೆಗೆ. ಇಬ್ಬರೂ ಮದುವೆಯಾಗಿ ಬಂದದ್ದು ಒಂದೇ ಬೀದಿಗೆ, ಗಂಡಂದಿರನ್ನು ಕಳೆದುಕೊಂಡದ್ದೂ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ. ಬಾಯಿ ಮಾತ್ರ ಮೂಕಾಂಬಿಕಾರದು. "ಅವ್ಳು ಮಾತಾಡೋಳು, ನಾನು ಹೂಂ ಅನ್ನೋಳು. ದಾರಿ ಸವೆದಿದ್ದೇ ಗೊತ್ತಾಗ್ತಿರ್ಲಿಲ್ಲ" ಎಂದು ನೆನೆಯುತ್ತಾರೆ. ಒಂದು ಮುಂಜಾನೆ, ಹೈಸ್ಕೂಲಿನ ತಿರುವಿನಲ್ಲಿ, ಹಿಂದಿನಿಂದ ಬಂದ ಪಿಕಪ್ ಮೂಕಾಂಬಿಕಾರನ್ನು ಬಡಿದು ಕೆಡವಿತು. ಆಸ್ಪತ್ರೆಯ ತನಕವೂ ಜೀವ ಉಳಿಯಲಿಲ್ಲ.

"ನನ್ನ ಕೈ ಅವ್ಳ ಭುಜದ ಮೇಲಿತ್ತು. ನಂಗೆ ಒಂದು ಗೀರೂ ಆಗ್ಲಿಲ್ಲ. ಅದನ್ನ ಯಾರ ಹತ್ರ ಹೇಳ್ಕೊಳ್ಳೋದು?"

ಆ ಸಾವಿನ ಮೇಲೆ ಊರು ಒಟ್ಟಾಗಿ ಮನವಿ ಕೊಟ್ಟಿತು, ಸುರಕ್ಷಿತ ನಡಿಗೆ ಮತ್ತು ಸೈಕಲ್ ದಾರಿಗೆಂದು ಸರ್ಕಾರದ ಅನುದಾನ ಬಂತು. ಕೆಲಸ ಎರಡು ಭಾಗ: ಮೊದಲು ಬಸ್‌ಸ್ಟಾಪಿನಿಂದ ಮೋರಿಯ ತನಕ, ಆಮೇಲೆ ಮೋರಿಯಿಂದ ಹೈಸ್ಕೂಲಿನ ತಿರುವು ದಾಟುವ ತನಕ. ಮೊದಲ ಭಾಗ ಚೆನ್ನಾಗಿಯೇ ಆಯಿತು. ಸಮತಟ್ಟಾದ ಸಿಮೆಂಟಿನ ಇಂಟರ್‌ಲಾಕ್ ಹಾಸು, ಅಗಲವಾದ ದಾರಿ, ಮೇಲೆ ಒಂದು ಮರದ ನೆರಳೂ ಇಲ್ಲ. ನಡೆಯುವವರಿಗೆ ನೆರಳಿಲ್ಲದ್ದು ಕಷ್ಟ. ಅಡಿಕೆಗೆ? ಮಲೆನಾಡಿನಲ್ಲಿ ಅಂಥ ಬಿಸಿಲಂಗಳ ದುಡ್ಡು ಕೊಟ್ಟರೂ ಸಿಗುವುದಿಲ್ಲ!

ದಾರಿಯ ಮೇಲೆ ಒಣಹಾಕುವುದಕ್ಕೆ ಬಾಗಿಲು ತೆರೆದವರು ಯಾರು ಎಂದು ಕೇಳಿದರೆ ಗುಲ್ಜಾರ್ ಬೇಗಂ ತಮ್ಮ ಎದೆಯನ್ನೇ ಮುಟ್ಟಿಕೊಳ್ಳುತ್ತಾರೆ. ದಾರಿಯಾದ ಮೊದಲ ಚಳಿಗಾಲ. ಎದುರು ಮನೆಯ ಅನ್ನಪೂರ್ಣೇಶ್ವರಿ ಒಂದು ಮೊರ ಕಾಳುಮೆಣಸು ಹಿಡಿದು ಬಂದು, "ಗುಲ್ಜಾರಮ್ಮ, ಒಂದೇ ಬಿಸಿಲು" ಎಂದರು. ಸುಲಿಯುವ ದಿನಗಳಲ್ಲಿ ಎಷ್ಟೋ ಸಲ ಊಟ ಹಾಕಿದ ಕೈ ಅದು. ಗುಲ್ಜಾರ್ ಬೇಗಂ ತಾವೇ ಇಂಟರ್‌ಲಾಕ್ ಗುಡಿಸಿ, ಬಟ್ಟೆಯಲ್ಲಿ ಒರೆಸಿ ಜಾಗ ಮಾಡಿಕೊಟ್ಟರು. ಬೆರಳು ತೋರಿಸಿದರೆ ಹಸ್ತ ನುಂಗಿದ ಹಾಗಾಯಿತು. ಮೊರದ ಪಕ್ಕ ಗೋಣಿ ಬಂತು, ಗೋಣಿಯ ಪಕ್ಕ ಹಣ್ಣಡಿಕೆ ಬಂತು. ಸಿಪ್ಪೆ ಸಮೇತ ಒಣಗುವ ಹಣ್ಣಡಿಕೆಗೆ ಒಂದೆರಡು ಬಿಸಿಲು ಎಲ್ಲಿ ಸಾಕು? ವಾರಗಟ್ಟಲೆ ಬೇಕು. ಗೋಲಿಯ ಹಾಗೆ ಕಾಲಡಿಗೆ ಉರುಳುವ ಅಡಿಕೆಯ ಮೇಲೆ ನಡೆಯುವವರಾರು, ಸೈಕಲ್ ಹೊಡೆಯುವವರಾರು? ಮಕ್ಕಳು, ಮುದುಕರು, ಸೈಕಲ್ಲಿನವರು ಎಲ್ಲರೂ ಮತ್ತೆ ಡಾಂಬರಿಗಿಳಿದರು.

ಕಳೆದ ವರ್ಷ ಎರಡನೇ ಭಾಗಕ್ಕೆ ಹಣ ಬಿಡುವ ಮೊದಲು ನೋಡಿಹೋಗಲು ಎಂಜಿನಿಯರ್ ವಿಘ್ನೇಶ ಬಂದಾಗ ಕಂಡದ್ದೂ ಇದೇ. ಅವರು ಫೋಟೊ ತೆಗೆದುಕೊಂಡು, "ಇದ್ರಲ್ಲಿ ಅಡಿಕೆ ಒಣಗಿಸ್ತಿದ್ದೀರಿ. ಮುಂದಿನದ್ರಲ್ಲಿ ಎಂತ ಒಣಗಿಸ್ತೀರಿ?" ಎಂದರು. ನಿಂತವರೆಲ್ಲ ಘೊಳ್ಳೆಂದು ನಕ್ಕರು. ಕೆಲಸ ಅಲ್ಲಿಗೇ ನಿಂತಿತು. ದಾರಿ ಇಂದಿಗೂ ಮೋರಿಯ ಹತ್ತಿರ ಮುಗಿದುಹೋಗುತ್ತದೆ, ಮೂಕಾಂಬಿಕಾ ಬಿದ್ದ ಜಾಗಕ್ಕೆ ಇನ್ನೂ ಕೂಗಳತೆ ಇರುವಾಗ.

ಗುಲ್ಜಾರ್ ಬೇಗಂ ಗೋರೆ ಹಿಡಿದದ್ದು ಆಮೇಲೆ. ಊರು ಅವರನ್ನು ಬೈಯುವುದಿಲ್ಲ, ಆದರೆ ಕರೆದು ಕೂರಿಸಿಕೊಳ್ಳುವುದೂ ಕಡಿಮೆಯಾಗಿದೆ. ಅಂಗಡಿಯ ಕಟ್ಟೆಗೆ ಬಂದರೆ ಮಾತು ಮಳೆಗೋ ಬಸ್ಸಿಗೋ ತಿರುಗುತ್ತದೆ. ಕೊಪ್ಪಕ್ಕೆ ಮದುವೆ ಮಾಡಿಕೊಟ್ಟ ಮಗಳು ಆಸಿಫಾ ಫೋನಿನಲ್ಲಿ, "ಅಮ್ಮಿ, ನಿಂಗೊಬ್ಳಿಗೇ ಎಂತಕ್ಕೆ ಈ ಉಸಾಬರಿ?" ಎಂದು ಬೈಯುತ್ತಾಳೆ. ಚಹಾ ಆರುವ ತನಕ ಲೋಟ ಹಿಡಿದು ಕುಳಿತ ಗುಲ್ಜಾರ್ ಬೇಗಂ ಹೇಳುವುದು ಇಷ್ಟು: "ಮಾತಾಡ್ಸೋರು ಇದ್ದಾರೆ. ಜೊತೆಗೆ ನಡೆಯೋರು ಯಾರೂ ಇಲ್ಲ." ಆ ಒಂಟಿತನಕ್ಕೆ ಅವರು ಮದ್ದು ಹುಡುಕುತ್ತಿಲ್ಲ. ತಿರುವಿನ ತನಕ ದಾರಿಯಾಗಲಿ ಎಂಬುದೊಂದೇ ಅವರ ಆಸೆ.

ವಿಘ್ನೇಶ ಇನ್ನೊಮ್ಮೆ ನೋಡಲು ಬರುತ್ತಾರೆ, ಈ ಸಲವೂ ದಾರಿ ಖಾಲಿ ಇಲ್ಲದಿದ್ದರೆ ಹಣ ಬೇರೆ ಊರಿಗೆ ಹೋಗುತ್ತದೆ ಎಂಬ ಸುದ್ದಿ ಕಳೆದ ವಾರ ಬಂತು. ಅವರು ಬರುವ ಹಿಂದಿನ ದಿನ ಗುಲ್ಜಾರ್ ಬೇಗಂ ಮನೆಮನೆಗೆ ಹೋದರು. ಅನ್ನಪೂರ್ಣೇಶ್ವರಿಯ ಗಂಡ ಗಜಾನನ ಭಟ್ಟರು ಆಕಾಶ ತೋರಿಸಿ, "ಇಂಥಾ ಬಿಸಿಲು ಬಿಟ್ಟು ಅಡಿಕೆ ಎತ್ತೋದು ಅಂದ್ರೆ ಹೇಗೆ ಮಾರಾಯ್ತಿ?" ಎಂದರು.

"ಒಂದೇ ದಿನ ಭಟ್ರೇ. ಮೂಕಾಂಬಿಕಾ ನಿಮ್ಮನೆ ಅಂಗಳದಲ್ಲಿ ಎಷ್ಟು ವರ್ಷ ಅಡಿಕೆ ಸುಲಿದ್ಲು, ನೀವೇ ಹೇಳಿ."

ಸಂಜೆ ಭಟ್ಟರೇ ಮೊದಲು ಗೋಣಿ ತಂದು ಅಡಿಕೆ ತುಂಬಿದರು. ಅವರನ್ನು ನೋಡಿ ಉಳಿದವರೂ ತುಂಬಿದರು. ಮಾರನೇ ದಿನ ದಾರಿಯಲ್ಲಿ ಹುಡುಕಿದರೂ ಒಂದು ಅಡಿಕೆ ಇರಲಿಲ್ಲ. ಗುಲ್ಜಾರ್ ಬೇಗಂ ಒಗೆದ ಸೀರೆ ಉಟ್ಟು ಬಂದು ನಿಂತರು.

ಆದರೆ ನಡೆಯಲು ಯಾರೂ ಬರಲಿಲ್ಲ. ಜನರ ಕಾಲಿಗೆ ಡಾಂಬರು ರೂಢಿಯಾಗಿಬಿಟ್ಟಿತ್ತು. ಮಕ್ಕಳು ಲಾರಿಗಳ ಪಕ್ಕದಲ್ಲೇ ಶಾಲೆಗೆ ಹೋದರು. ಹಾಲಿನ ಕ್ಯಾನು ಕಟ್ಟಿಕೊಂಡ ಶರೀಫ್ ಸೈಕಲ್ಲಿನಲ್ಲಿ ಬಂದಾಗ, "ಮೇಲೆ ಬಾ ತಮ್ಮಾ, ಖಾಲಿ ಇದೆ" ಎಂದು ಕೂಗಿದರು. "ಇರ್ಲಿ ಬಿಡಿ ಅಕ್ಕ, ಇಲ್ಲೇ ಹೋಗ್ತೀನಿ" ಎಂದು ಅವನೂ ಕೈ ಬೀಸಿ ಹೋದ. ಅಯ್ಯೋ ಎನಿಸಿತು. ಇಷ್ಟು ದಿನ ಅಡಿಕೆಯನ್ನು ದೂರಿದ್ದಾಯಿತು, ಈಗ ಯಾರನ್ನು ದೂರುವುದು?

ದೂರದಲ್ಲಿ ಜೀಪು ಕಂಡಿತು. ಅವರು ಕೈಯಲ್ಲಿದ್ದ ಪೊರಕೆಯನ್ನು ಕೆಳಗಿಟ್ಟು, ಬಸ್‌ಸ್ಟಾಪಿನಿಂದ ಮೋರಿಯ ಕಡೆಗೆ ನಡೆಯತೊಡಗಿದರು. ಮೋರಿ ಮುಟ್ಟಿ, ತಿರುಗಿ, ಮತ್ತೆ ಬಸ್‌ಸ್ಟಾಪಿನ ಕಡೆಗೆ. ಜೀಪು ನಿಂತದ್ದು ಗೊತ್ತಿದ್ದೂ ನಿಲ್ಲಲಿಲ್ಲ. ವಿಘ್ನೇಶ ಇಳಿದು ಉದ್ದಕ್ಕೂ ಕಣ್ಣು ಹಾಯಿಸಿದರು.

"ಅಡಿಕೆ ಎತ್ತಿದ್ದೀರಿ, ಸರಿ. ಆದ್ರೆ ಜನ ಎಲ್ಲಮ್ಮಾ? ಜನವೇ ನಡೆಯಲ್ಲ ಅಂದ್ರೆ ದಾರಿ ಯಾರಿಗೆ?"

ಗುಲ್ಜಾರ್ ಬೇಗಂ ನಿಂತರು. ನಡೆದು ಉಸಿರು ಕಟ್ಟಿತ್ತು. ಸೆರಗು ಸರಿಮಾಡಿಕೊಂಡರು.

"ನಾನು ನಡೀತಾ ಇದ್ದೀನಲ್ಲ ಸರ್," ಎಂದರು. "ನಾನು ಜನ ಅಲ್ವಾ?"