ನಾಲ್ಕನೇ ಸೀಟಿನ ಜೋಮು

ಮಾರ್ಚ್ 11, ಮಂಗಳವಾರ, ಸಂಜೆ 6:31. ಹೊತ್ತು ಖಚಿತ, ಏಕೆಂದರೆ ದಾದರ್‌ನಿಂದ ಮುಲುಂಡ್‌ಗೆ ಹೋಗುವ ನಮ್ಮ ಫಾಸ್ಟ್ ಲೋಕಲ್ ರೈಲು ಎಷ್ಟು ತಡವಾಗಿ ಹೊರಟಿತೆಂದು ನಾನು ದಿನವೂ ಬರೆದಿಡುತ್ತೇನೆ. ಆಗ ಚಿಕ್ಕಮ್ಮ ಎರಡೂ ಕೈಗಳಲ್ಲಿ ಚೀಲ ಹಿಡಿದು ಹೆಂಗಸರ ಬೋಗಿಗೆ ನನಗಿಂತ ಮೊದಲು ಹತ್ತಿದ್ದರು.

ಮೂವರ ಸೀಟಿನಲ್ಲಿ ನಾಲ್ಕನೆಯವಳಿಗೂ ಜಾಗ ಕೊಡುವುದು ಇಲ್ಲಿಯ ರೂಢಿ. ಜಾಗವೆಂದರೆ ಅರ್ಧ ಸೊಂಟಕ್ಕೆ, ಉಳಿದರ್ಧ ಗಾಳಿಯಲ್ಲಿ. ಸ್ವಲ್ಪ ಹೊತ್ತಿಗೆ ಕಾಲು ಜೋಮು ಹಿಡಿಯುತ್ತದೆ. ಅಂದು ಆ ಜಾಗ ಚಿಕ್ಕಮ್ಮನದು. ನಾನು ಅವರ ಮೊಣಕಾಲಿಗೆ ಒತ್ತಿಕೊಂಡು ನಿಂತಿದ್ದೆ. ಅವರು ಮಡಿಲಿಗೆ ಬೀನ್ಸ್ ಸುರಿದುಕೊಂಡು ನಾರು ತೆಗೆಯತೊಡಗಿದರು. ನಮ್ಮ ರಾತ್ರಿಯಡುಗೆ ಅರ್ಧ ರೈಲಿನಲ್ಲೇ ಆಗುತ್ತದೆ.

ಕುರ್ಲಾ ದಾಟಿದ ಮೇಲೆ, "ಎಡಗಾಲು ಜೋಮು ಮಾರಾಯ್ತಿ, ಕೈ ಸಹ" ಎಂದರು.

ಪಕ್ಕದಲ್ಲಿದ್ದ, ದಿನವೂ ಜೊತೆಯಾಗುವ ಹುಬ್ಬಳ್ಳಿಯ ಅಕ್ಕ ಬಿಡುತ್ತಾರೆಯೇ? "ನಾಕನೇ ಸೀಟಿನ ಬಾಡಿಗಿ ಅದು, ಕೊಡಬೇಕಲ್ರಿ!"

ಎಲ್ಲರೂ ನಕ್ಕೆವು. ಚಿಕ್ಕಮ್ಮನೂ ನಕ್ಕರು. ಅವರ ನಗು ಬಾಯಿಯ ಬಲಗಡೆಗೆ ಮಾತ್ರ ಹೋಯಿತು.

ಎಡಗೈಯಿಂದ ಬೀನ್ಸ್ ಒಂದೊಂದೇ ಜಾರಿ ನನ್ನ ಚಪ್ಪಲಿಯ ಮೇಲೆ ಬೀಳುತ್ತಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ. ಸೀಟು ಕಾಲಿಗೆ ಜೋಮು ಹಿಡಿಸೀತು, ಮುಖಕ್ಕೆ ಹೇಗೆ? "ಎರಡೂ ಕೈ ಎತ್ತಿ ಚಿಕ್ಕಮ್ಮ" ಎಂದೆ. ಎತ್ತಲು ಜಾಗವೆಲ್ಲಿ? ತಲೆಯ ಮೇಲೆ ಯಾರದೋ ಬ್ಯಾಗು, ಎದುರಿಗೆ ನಾನೇ. "ಎಂಥದು ನಿನ್ನ ನಾಟಕ" ಎಂದರು. ನಾಲಿಗೆ ದಪ್ಪಗಾದಂತೆ ಕೇಳಿಸಿತು.

ಅಷ್ಟರಲ್ಲಿ ಘಾಟ್ಕೋಪರ್‌ಗೆ ಮುಂಚೆಯೇ ರೈಲು ನಿಂತುಬಿಟ್ಟಿತು. ಸಿಗ್ನಲ್. ಅಕ್ಕನ ನಗು ಆರಿತ್ತು. ಅಪಾಯದ ಚೈನಿಗೆ ಕೈ ಚಾಚಿದರು. ಆ ಕೈಯನ್ನು ನಾನು ಹಿಡಿದೆ. "ಬೇಡ ಅಕ್ಕಾ, ಇಲ್ಲಿ ಹಳಿ ಮೇಲೆ ಇಳಿಸ್ಬೇಕಾಗ್ತದೆ. ಇನ್ನೂ ತಡ." ಪ್ಲಾಟ್‌ಫಾರ್ಮಿನ ದೀಪ ಕಾಣುತ್ತಿತ್ತು. ಹೋಗುವಂತಿರಲಿಲ್ಲ. ಚಿಕ್ಕಮ್ಮ ವಾಲಲೂ ಇಲ್ಲ. ಸುತ್ತಲಿನ ಮೈಗಳೇ ಅವರನ್ನು ನೆಟ್ಟಗೆ ಹಿಡಿದಿದ್ದವು. ನೋಡಿದವರಿಗೆ ಎಲ್ಲರಂತೆ ಕೂತ ಹೆಂಗಸು.

ಘಾಟ್ಕೋಪರ್‌ನಲ್ಲಿ ಅಕ್ಕ "ಉತರ್‌ನೇ ದೋ, ಬೀಮಾರ್ ಹೈ!" ಎಂದು ಹುಷಾರಿಲ್ಲದವರನ್ನು ಇಳಿಸಲು ಕೂಗುತ್ತ ಮೊಣಕೈಯಿಂದ ದಾರಿ ಮಾಡಿದರು. ಪ್ಲಾಟ್‌ಫಾರ್ಮಿನಲ್ಲಿ ಜನ ಸರಿದ ಕೂಡಲೇ ಚಿಕ್ಕಮ್ಮನ ಎಡಗಾಲು ಕುಸಿಯಿತು.

ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಎಂದ ಡಾಕ್ಟರು ಮೊದಲು ಕೇಳಿದ್ದು, ಕೊನೆಯ ಬಾರಿ ಪೂರ್ತಿ ಸರಿಯಿದ್ದದ್ದು ಎಷ್ಟು ಹೊತ್ತಿಗೆ ಎಂದು. ಯಾವ ಔಷಧ ಕೊಡಬಹುದೆಂಬುದು ಅದರ ಮೇಲಿದೆಯಂತೆ. "ಕುರ್ಲಾದಾಗ ಸುರು ಆತ್ರಿ" ಎಂದರು ಅಕ್ಕ. ಚೀಲ ಹಿಡಿದಿದ್ದ ಎರಡು ಕೈಗಳನ್ನು ನೆನೆದು ನಾನು 6:31 ಎಂದೆ. ಔಷಧಕ್ಕೆ ಹೊತ್ತು ಮೀರಿರಲಿಲ್ಲ.

ಚಿಕ್ಕಮ್ಮ ಈಗ ಕೋಲು ಹಿಡಿದು ನಡೆಯುತ್ತಾರೆ. ನಾನು ಅದೇ ರೈಲಿನಲ್ಲಿದ್ದೇನೆ, ಸಿಕ್ಕರೆ ನಾಲ್ಕನೇ ಸೀಟಿನಲ್ಲಿ. ಕಾಲು ಜೋಮು ಹಿಡಿದಾಗಲೆಲ್ಲ ಆರಿದ ಫೋನಿನ ಪರದೆಯಲ್ಲಿ ನಕ್ಕು, ನಗು ಎರಡೂ ಕಡೆಗೆ ಹೋಗುತ್ತದೆಯೇ ಎಂದು ನೋಡಿಕೊಳ್ಳುತ್ತೇನೆ. ಇಳಿಯುವಂತಿಲ್ಲದ, ಕೈ ಎತ್ತಲೂ ಜಾಗವಿಲ್ಲದ ಕಡೆ ಪಾರ್ಶ್ವವಾಯುವನ್ನು ಇನ್ನೂ ಬೇಗ ಗುರುತಿಸುವ ದಾರಿ ಬಲ್ಲವರಿದ್ದರೆ ದಯವಿಟ್ಟು ನನಗೆ ಬರೆಯಿರಿ.